ಕೆಂಚಮ್ಮ ಜೀಪು ತಡೆದ ದಿನ

ವನಗೂರಿನ ಕಡೆಯ ಗುಡ್ಡದ ಊರುಗಳಲ್ಲಿ ಕಾಫಿ ಹಣ್ಣಾಗುವ ಕಾಲ ಬಂತೆಂದರೆ ಬೆಳಗಾಗುವುದೇ ಜೀಪಿನ ಸದ್ದಿನಿಂದ. ಬಸ್ಸು ಟಾರು ರೋಡಿನಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಎಸ್ಟೇಟಿನ ತನಕ ಬರೀ ಏರು, ಬರೀ ತಿರುವು. ಒಂದು ಪಕ್ಕ ಗೋಡೆಯಂತೆ ನಿಂತ ಮಣ್ಣಿನ ಧರೆ, ಇನ್ನೊಂದು ಪಕ್ಕ ಆಳದ ಕೊರಕಲು. ಕೆಲಸಕ್ಕೆ ಹೋಗುವವರಿಗೆ ಜೀಪೇ ಗತಿ.

ಆ ಜೀಪುಗಳಲ್ಲಿ ಒಂದು ನಂಜುಂಡನದು. ಹಳದಿ ಬೋರ್ಡಿನ ಹಳೇ ಬಾಡಿಗೆ ಜೀಪು. ಅವನ ಹೆಂಡತಿ ಕೆಂಚಮ್ಮ. ಊರಿನ ಹೆಂಗಸರನ್ನು ಕೂಡಿಸಿಕೊಂಡು ಹಣ್ಣು ಕುಯ್ಯಲು ಎಸ್ಟೇಟಿಗೆ ಕರೆದೊಯ್ಯುವವಳು ಅವಳೇ. "ನಾಳೆ ಬನ್ರೇ" ಅಂತ ಅವಳೊಂದು ಮಾತು ಹೇಳಿದರೆ ಸಾಕು, ಬುತ್ತಿ ಕಟ್ಟಿಕೊಂಡು ಎಲ್ಲರೂ ಅರಳಿಕಟ್ಟೆ ಹತ್ತಿರ ಬಂದು ನಿಲ್ಲುತ್ತಿದ್ದರು. ಗಂಡ ಗಾಡಿ ಓಡಿಸುವವನು, ಹೆಂಡತಿ ಜನ ಕರೆತರುವವಳು. ಸಂಸಾರ ಹೇಗೋ ಸರಾಗವಾಗಿ ನಡೆದಿತ್ತು.

ಒಂದು ಸಂಜೆ ಕೆಲಸ ಮುಗಿಸಿ ಎಲ್ಲರೂ ಇಳಿದು ಬರುತ್ತಿದ್ದರು. ಕೆಂಚಮ್ಮ ಯಾವತ್ತಿನ ಹಾಗೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಿಂದೆ ಹೆಂಗಸರು ಏನೋ ಮಾತಾಡಿಕೊಂಡು ನಗುತ್ತಿದ್ದರು. ಮೋರಿ ಹತ್ತಿರದ ತಿರುವಿನಲ್ಲಿ ಎದುರಿಗೆ ಮರದ ದಿಮ್ಮಿ ತುಂಬಿದ ಲಾರಿ ಬಂತು. ನಂಜುಂಡ ಬ್ರೇಕ್ ತುಳಿದ. ಜೀಪು ನಿಲ್ಲಲಿಲ್ಲ. ಮತ್ತೆ ತುಳಿದ. ಕಾಲು ಒಳಕ್ಕೆ ಹೋಯಿತೇ ಹೊರತು ಗಾಡಿ ಹಿಡಿತಕ್ಕೆ ಸಿಗಲಿಲ್ಲ. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದು ಜೀಪನ್ನು ಧರೆಗೆ ಒರಗಿಸಿಬಿಟ್ಟ. ಲಾರಿ ಕನ್ನಡಿಯನ್ನು ಸವರಿಕೊಂಡು ಮುಂದೆ ಹೋಯಿತು.

ಹಿಂದೆ ಒಂದೇ ಸಮನೆ ಕಿರುಚಾಟ. ಹಿರಿಯಳಾದ ಮುನಿಯಮ್ಮನ ತುಟಿ ಕಂಬಿಗೆ ಬಡಿದು ಒಡೆದುಹೋಗಿತ್ತು. ಸೆರಗಿನಿಂದ ರಕ್ತ ಒತ್ತಿ ಹಿಡಿದು ಅವಳು ಕೇಳಿದಳು:

"ಏನಾಯ್ತಪ್ಪ ನಂಜುಂಡ?"

"ಏನಿಲ್ಲ ಕಣಕ್ಕ. ರೋಡ್ ಮೇಲೆ ಯಾವನೋ ಎಣ್ಣೆ ಚೆಲ್ಲವ್ನೆ. ಗಾಡಿ ಜಾರ್ತು" ಅಂತ ನಂಜುಂಡ ನಕ್ಕ.

ಕೆಂಚಮ್ಮ ರೋಡನ್ನು ನೋಡಿದಳು. ಧೂಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಮುಂದೆ ಕೂತವಳು ಎದ್ದು ಹೊರಗೆ ಬಂದು ಜೀಪಿನ ಸುತ್ತ ಒಂದು ಸಲ ಓಡಾಡಿದಳು. ಮತ್ತೆ ಒಳಗೆ ಹೋದಳು. ಮುದ್ದೆ ಗಂಟಾಯಿತು. ನಂಜುಂಡ ಉಣ್ಣಲು ಕೂತಾಗ ಕೇಳಿಯೇಬಿಟ್ಟಳು.

"ರೋಡಲ್ಲಿ ಎಣ್ಣೆ ಎಲ್ಲಿತ್ತು?"

ನಂಜುಂಡ ತಲೆ ಎತ್ತಲಿಲ್ಲ. "ಬ್ರೇಕ್ ಆಯಿಲ್ ಕಮ್ಮಿ ಆಗಿರ್ಬೇಕು. ಹಾಕುಸ್ತೀನಿ."

"ಈ ಗಾಡೀನ ವರ್ಷ ವರ್ಷ ಸಕಲೇಶಪುರಕ್ಕೆ ತಗೊಂಡು ಹೋಗಿ ತೋರಿಸ್ಕಂಡು ಬರ್ತಿದ್ರಲ್ಲ, ಎಫ್‌ಸಿ ಅಂತ. ಈ ಸಲ ಹೋದಂಗೇ ಕಾಣ್ಲಿಲ್ಲ."

"ಮಳೆಗಾಲದಲ್ಲೇ ಮುಗ್ದೋಯ್ತು. ಆಗ ಮಳೆ ಅಂತ ಬಿಟ್ಟೆ. ಈಗ ಕುಯ್ಲು. ಇಂಥಾ ಟೈಮಲ್ಲಿ ಗಾಡಿ ನಿಲ್ಸಕ್ಕಾಯ್ತದಾ? ಕುಯ್ಲು ಮುಗೀಲಿ, ಮಾಡಿಸ್ತೀನಿ."

"ಅಲ್ಲೀಗಂಟ?"

"ಅಲ್ಲೀಗಂಟ ಏನು? ಮೀಸೆ ಬರಕ್ ಮುಂಚಿಂದ ಈ ಗುಡ್ಡದಲ್ಲಿ ಗಾಡಿ ಓಡಿಸ್ತಿದೀನಿ. ನನ್ನ ಗಾಡಿ ನನಗೆ ಗೊತ್ತಿಲ್ವಾ? ಸುಮ್ಕಿರೇ."

ಮಾರನೇ ದಿನ ನಂಜುಂಡ ಬ್ರೇಕ್ ಆಯಿಲ್ ಹಾಕಿಸಿದ. ಗಾಡಿ ಮತ್ತೆ ಗುಡ್ಡ ಹತ್ತಿತು. ಕೆಂಚಮ್ಮ ಮುಂದೆ ಕೂತಳು. ಈಗ ಅವಳ ಕಣ್ಣು ರೋಡಿನ ಮೇಲೆ ಇರುತ್ತಿರಲಿಲ್ಲ, ಗಂಡನ ಕಾಲಿನ ಮೇಲಿರುತ್ತಿತ್ತು. ಅವನು ಬ್ರೇಕ್ ಮೇಲೆ ಕಾಲಿಟ್ಟಾಗಲೆಲ್ಲ ಇವಳ ಕಾಲೂ ತಾನೇ ತಾನಾಗಿ ಕೆಳಗಿನ ತಗಡನ್ನು ಒತ್ತುತ್ತಿತ್ತು. ಹಣ್ಣು ಕುಯ್ಯುವಾಗಲೂ ಅದೇ ಯೋಚನೆ. ಇಳಿಯುವ ಹೊತ್ತು ಹತ್ತಿರ ಬಂದಂತೆ ಕೈ ನಿಧಾನವಾಗುತ್ತಿತ್ತು.

ತುಟಿಯ ಗಾಯ ಇನ್ನೂ ಆರದ ಮುನಿಯಮ್ಮ ಒಂದು ದಿನ ಜೀಪು ಹತ್ತುವಾಗ ಮೆಲ್ಲಗೆ ಕೇಳಿದಳು. "ಗಾಡಿ ಸರಿ ಐತೇನೇ ಕೆಂಚಿ?"

"ಸರಿ ಐತೆ ಕಣಕ್ಕ" ಅಂದುಬಿಟ್ಟಳು ಕೆಂಚಮ್ಮ. ಅವತ್ತಿಡೀ ಮುನಿಯಮ್ಮನ ಮುಖ ತಪ್ಪಿಸಿಕೊಂಡು ಹಣ್ಣು ಕುಯ್ದಳು.

ಆ ಭಾನುವಾರ ಬೆಳಗೋಡಿನಿಂದ ದೀಪಶ್ರೀ ಬಂದಳು. ಕೆಂಚಮ್ಮನ ತಂಗಿಯ ಮಗಳು. ಸಕಲೇಶಪುರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಸ್ಕೂಲಿನ ಗಾಡಿಗಳ ಎಫ್‌ಸಿ ಮಾಡಿಸುವ ಕೆಲಸವೂ ಅವಳದೇ. ಕೆಂಚಮ್ಮ ಅವಳ ಕೈಗೆ ಕಾಫಿ ಲೋಟ ಕೊಟ್ಟವಳೇ, ಉಸಿರು ಬಿಡದ ಹಾಗೆ ಎಲ್ಲವನ್ನೂ ಹೇಳಿಬಿಟ್ಟಳು. ನಂಜುಂಡ ಅಲ್ಲೇ ಜಗಲಿಯಲ್ಲಿ ಕೂತಿದ್ದ.

"ದೊಡ್ಡಪ್ಪ, ಎಫ್‌ಸಿ ಅಂದ್ರೆ ಏನಂದ್ಕೊಂಡಿದೀರ?" ಅಂದಳು ದೀಪಶ್ರೀ.

"ಏನು? ಒಂದು ಸೀಲು. ಪೊಲೀಸ್ ಹಿಡಿದ್ರೆ ತೋರ್ಸಕ್ಕೆ."

"ಸೀಲು ಆಮೇಲೆ ದೊಡ್ಡಪ್ಪ. ಫಿಟ್‌ನೆಸ್ ಸರ್ಟಿಫಿಕೇಟ್ ಅಂತ ಅದರ ಪೂರಾ ಹೆಸರು. ಈ ಗಾಡೀಲಿ ಜನ ಕೂರಿಸ್ಕಂಡು ಓಡಾಡಬಹುದಾ ಅಂತ ಇನ್ನೊಬ್ರು ನೋಡಿ ಹೇಳೋದು ಅದು. ಬ್ರೇಕು, ಸ್ಟೀರಿಂಗು, ಲೈಟು, ಟೈರು, ಹೊಗೆ, ಎಲ್ಲಾ ನೋಡ್ತಾರೆ. ಬಾಡಿಗೆ ಗಾಡಿ ಹೊಸದಾದ್ರೆ ಎರಡು ವರ್ಷಕ್ಕೊಂದು ಸಲ. ಎಂಟು ವರ್ಷ ದಾಟಿದ್ಮೇಲೆ ವರ್ಷ ವರ್ಷವೂ ಮಾಡಿಸಲೇಬೇಕು. ನಿಮ್ಮ ಜೀಪು ಎಂಟು ದಾಟಿ ಎಷ್ಟು ಕಾಲ ಆಯ್ತು ಹೇಳಿ."

"ಹಳೇ ಗಾಡಿ ಗಟ್ಟಿ ಕಣಮ್ಮ. ಈಗಿನವು ಡಬ್ಬ."

"ಗಟ್ಟಿ ಇದ್ರೆ ಪಾಸಾಗುತ್ತೆ. ಹೆದರಿಕೆ ಯಾಕೆ?"

"ನನಗ್ಯಾವ ಹೆದರಿಕೆ?" ನಂಜುಂಡನ ದನಿ ಏರಿತು. "ಆ ಆಫೀಸಿನ ಮುಂದೆ ಸುತ್ತಾಡಿ ಸುತ್ತಾಡಿ ಸಾಕಾಗೈತೆ. ಇವತ್ತು ಬಾ, ನಾಳೆ ಬಾ. ನಡುವೆ ಬ್ರೋಕರ್‌ಗಳ ಕಾಟ ಬೇರೆ."

"ಬ್ರೋಕರ್ ಯಾಕೆ ಬೇಕು? ಪರಿವಾಹನ್ ಅಂತ ಸರ್ಕಾರದ ವೆಬ್‌ಸೈಟ್ ಐತೆ. ಅಲ್ಲೇ ಅರ್ಜಿ, ಅಲ್ಲೇ ಫೀಸು. ಫೋನಲ್ಲಿ ಮಾಡಕ್ಕೆ ಬರ್ದಿದ್ರೆ ಪಂಚಾಯ್ತಿ ಹತ್ರದ ಸೇವಾ ಕೇಂದ್ರದಲ್ಲಿ ಮಾಡಿಸ್ಕೊಡ್ತಾರೆ. ನಮಗೆ ಸಕಲೇಶಪುರದ ಆರ್‌ಟಿಓ ಆಫೀಸೇ. ಗಾಡೀನ ಯಾವತ್ತು, ಎಲ್ಲಿಗೆ ತರ್ಬೇಕು ಅಂತ ಅಲ್ಲೇ ಕೇಳ್ಕೋಬೇಕು, ಯಾಕಂದ್ರೆ ಈಗ ಕೆಲವು ಕಡೆ ಮಿಷನ್‌ನಲ್ಲೇ ಪರೀಕ್ಷೆ ಮಾಡೋ ಕೇಂದ್ರಕ್ಕೆ ಕಳಿಸ್ತಾರೆ. ಆರ್‌ಸಿ, ಇನ್ಶೂರೆನ್ಸು, ಹೊಗೆ ಚೀಟಿ, ಟ್ಯಾಕ್ಸು, ಪರ್ಮಿಟ್ಟು ಇಷ್ಟು ಜೊತೇಲಿರ್ಬೇಕು."

"ನಮ್ಮ ಸ್ವಂತ ಬೈಕು ಕಾರಿಗೂ ಹಿಂಗೇನಾ?" ಅಂತ ಕೆಂಚಮ್ಮ ಕೇಳಿದಳು.

"ಅವಕ್ಕೆ ವರ್ಷ ವರ್ಷ ಇಲ್ಲ ದೊಡ್ಡವ್ವ. ಹದಿನೈದು ವರ್ಷಕ್ಕೆ ಆರ್‌ಸಿ ಮುಗಿಯುತ್ತೆ. ಆಗ ಗಾಡಿ ತೋರಿಸಿ ರಿನ್ಯೂ ಮಾಡಿಸ್ಬೇಕು. ಆಮೇಲೆ ಐದೈದು ವರ್ಷಕ್ಕೆ. ಯಾವ ಗಾಡಿಯಾದ್ರೂ ಅಷ್ಟೇ, ಮುಗಿಯೋಕೆ ಮುಂಚೆ ಹೋಗ್ಬೇಕು. ಮುಗಿದ್ಮೇಲೆ ಓಡಿಸೋದು ಅಪರಾಧ. ಏನಾದ್ರೂ ಆಗ್ಬುಟ್ರೆ ಇನ್ಶೂರೆನ್ಸ್‌ನವರೂ ತಕರಾರು ತೆಗೀತಾರೆ."

ನಂಜುಂಡ ದಡಕ್ಕನೆ ಎದ್ದ. "ಆಯ್ತು ಮಾರಾಯ್ತಿ, ಕುಯ್ಲು ಮುಗೀಲಿ ಅಂದ್ನಲ್ಲ" ಅಂತ ಟವೆಲು ಕೊಡವಿ ಹೊರಗೆ ನಡೆದ. ದೀಪಶ್ರೀ ಮೆಲ್ಲಗೆ "ದೊಡ್ಡವ್ವ, ಹೆಂಗಸರೆಲ್ಲ ನಿನ್ನ ಮಾತು ಕೇಳಿ ಬರೋದಲ್ವಾ?" ಅಂತಷ್ಟೇ ಕೇಳಿ, ಸಂಜೆ ಬಸ್ಸಿಗೆ ಹೊರಟುಹೋದಳು.

ಸೋಮವಾರ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಹೆಂಗಸರು ಅರಳಿಕಟ್ಟೆಗೆ ಬಂದರು. ನಂಜುಂಡ ಜೀಪು ತಂದು ನಿಲ್ಲಿಸಿದ. ಒಬ್ಬಳು ಹಿಂದಿನ ಕಂಬಿ ಹಿಡಿದು ಕಾಲೆತ್ತಿದಳು. ಕೆಂಚಮ್ಮ ಅವಳ ತೋಳು ಹಿಡಿದು ಕೆಳಗಿಳಿಸಿದಳು.

"ಇವತ್ತು ಯಾರೂ ಹತ್ಬೇಡಿ."

"ಯಾಕಕ್ಕ?"

"ಅವತ್ತು ರೋಡಲ್ಲಿ ಎಣ್ಣೆ ಇರ್ಲಿಲ್ಲ. ಬ್ರೇಕ್ ಹಿಡೀಲಿಲ್ಲ. ಗಾಡಿದು ಎಫ್‌ಸಿ ಮುಗ್ದು ತಿಂಗಳುಗಟ್ಲೆ ಆಗೈತೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸರಿ ಐತೆ ಅಂದೆ."

ನಂಜುಂಡ ಜೀಪಿನಿಂದ ಹಾರಿ ಇಳಿದ. ಊರವರ ಮುಂದೆ ಹೆಂಡತಿಯೇ ಹೀಗೆ ಮಾಡಿದ್ದಕ್ಕೆ ಅವನ ಮುಖ ಕೆಂಪಾಗಿತ್ತು. "ತಲೆ ಕೆಟ್ಟೈತಾ ನಿಂಗೆ? ಇವ್ರೆಲ್ಲ ನನ್ನ ಗಾಡೀಲೇ ಯಾಕೆ ಕೂರ್ತಾರೆ ಗೊತ್ತಾ? ನನ್ನ ಕೈ ಮೇಲೆ ನಂಬಿಕೆ ಐತೆ! ಹೇಳು ಮುನಿಯಕ್ಕ, ನಂಬಿಕೆ ಐತೋ ಇಲ್ವೋ?"

ಮುನಿಯಮ್ಮ ಬುತ್ತಿಯ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

"ಬ್ರೇಕ್ ಹೋಗಿತ್ತು ಅಂತ ನಮಗೂ ಗೊತ್ತಿತ್ತು ಕಣಪ್ಪ" ಅಂದಳು. "ಬೇರೆ ಗಾಡಿ ಎಲ್ಲೈತೆ ನಮಗೆ? ದಿನಾ ದೇವ್ರ ಹೆಸರು ಹೇಳ್ಕಂಡು ಹತ್ತೀವಿ, ದೇವ್ರ ಹೆಸರು ಹೇಳ್ಕಂಡು ಇಳೀತೀವಿ."

ನಂಜುಂಡ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ನೆಲ ನೋಡುತ್ತಿದ್ದರು. ತನ್ನ ಮೇಲಿನ ಭರವಸೆಯಿಂದ ಹತ್ತುತ್ತಾರೆ ಅಂತ ಅವನು ಇಷ್ಟು ದಿನ ನಂಬಿದ್ದ. ಅವರು ಬೇರೆ ದಾರಿ ಇಲ್ಲದೆ ಹತ್ತುತ್ತಿದ್ದರು.

ಅಷ್ಟರಲ್ಲಿ ಕೆಂಚಮ್ಮನ ಫೋನು ಹೊಡೆದುಕೊಂಡಿತು. ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಮಹಾದೇವಯ್ಯ.

"ಎಲ್ಲಮ್ಮಾ ಜನ? ಹಣ್ಣು ಉದುರ್ತಾ ಐತೆ ಇಲ್ಲಿ!"

"ಗಾಡಿ ಸರಿಯಿಲ್ಲ ಸಾರ್. ಕಾಲುದಾರೀಲಿ ನಡ್ಕಂಡು ಬರ್ತೀವಿ. ಹೊತ್ತಾಯ್ತದೆ."

"ಹೊತ್ತಾದ್ರೆ ಹೆಂಗೆ? ಗೊಬ್ಬರದ ಟ್ರ್ಯಾಕ್ಟರ್ ಕಳಿಸ್ತೀನಿ. ಟ್ರೈಲರ್‌ನಲ್ಲಿ ನಿಂತ್ಕಂಡು ಬಂದ್ಬುಡಿ."

"ನಾವು ಗೊಬ್ಬರ ಅಲ್ಲ ಸಾರ್" ಅಂದಳು ಕೆಂಚಮ್ಮ. "ಬಿದ್ರೆ ಯಾರ್ ಸಾರ್ ಜವಾಬ್ದಾರಿ? ನಡ್ಕಂಡೇ ಬರ್ತೀವಿ."

ರೈಟರ್ ಗೊಣಗಿದರು. ಆಮೇಲೆ, "ಆಯ್ತು, ಇವತ್ತು ಹತ್ತಿರದ ಕೆಳಗಿನ ಬ್ಲಾಕಿನ ತೋಟಕ್ಕೇ ಬನ್ನಿ" ಅಂದರು. ಹೆಂಗಸರು ಮಂಜಿನಲ್ಲಿ ಸಾಲಾಗಿ ನಡೆದು ಹೋದರು. ನಂಜುಂಡ ಖಾಲಿ ಜೀಪಿನ ಪಕ್ಕ ನಿಂತೇ ಇದ್ದ.

ಸಂಜೆ ಕೆಂಚಮ್ಮ ಮನೆಗೆ ಬಂದು ಮುದ್ದೆ ಬಡಿಸಿದಳು. ಉಂಡು ಕೈ ತೊಳೆದು ಎದ್ದ ನಂಜುಂಡ ಗೋಡೆ ಕಡೆ ನೋಡಿಕೊಂಡು ಹೇಳಿದ: "ಆ ಹುಡುಗೀಗೆ ಫೋನ್ ಮಾಡು. ಅರ್ಜಿ ಹಾಕ್ಲಿ. ಪಾಸ್ ಮಾಡಿಸ್ಕಂಡೇ ಬಂದು ನಿಮ್ಮೆಲ್ಲರ ಬಾಯಿ ಮುಚ್ಚಿಸ್ತೀನಿ."

ಅರ್ಜಿ ಹಾಕಿದ್ದಾಯಿತು, ಗಾಡಿ ತೋರಿಸುವ ದಿನವೂ ನಿಗದಿಯಾಯಿತು. "ಬರೋಕ್ ಮುಂಚೆ ಮೆಕ್ಯಾನಿಕ್‌ಗೆ ಒಂದ್ಸಲ ಪೂರಾ ತೋರಿಸಿ ದೊಡ್ಡಪ್ಪ" ಅಂತ ದೀಪಶ್ರೀ ಹೇಳಿದ್ದಳು. ನಂಜುಂಡ ಊರಲ್ಲೇ ಬ್ರೇಕು ಬಿಗಿ ಮಾಡಿಸಿ, ಜೀಪು ತೊಳೆದು, ಅಷ್ಟು ಸಾಕು ಅಂತ ಹೊರಟ. ಕೆಂಚಮ್ಮ ಬಂದು ಪಕ್ಕದಲ್ಲಿ ಕೂತಳು.

"ಬೇರೆಯೋರಿಗೆ ಹತ್ಬೇಡಿ ಅಂತೀಯ. ನೀನ್ಯಾಕೆ ಹತ್ತಿದ್ದು?"

"ನೀವೊಬ್ರೇ ಹೋಗೋದ್ನ ನೋಡ್ಕಂಡು ಮನೇಲಿ ಕೂರಕ್ಕಾಗಲ್ಲ ನನ್ ಕೈಲಿ. ನಿಧಾನಕ್ಕೆ ನಡೀರಿ."

ಹೇಮಾವತಿ ಸೇತುವೆ ಕಂಡು ಸಕಲೇಶಪುರ ಬಂತು ಅನ್ನುವ ತನಕ ಕೆಂಚಮ್ಮನ ಕಾಲು ತಗಡನ್ನು ಒತ್ತುತ್ತಲೇ ಇತ್ತು.

ತಪಾಸಣೆಯ ಜಾಗದಲ್ಲಿ ಆಟೋ, ಪಿಕಪ್ಪು, ಸ್ಕೂಲ್ ವ್ಯಾನು ಸಾಲಾಗಿ ನಿಂತಿದ್ದವು. ದೀಪಶ್ರೀಯೂ ಬಂದಿದ್ದಳು. ಸರದಿ ಬಂತು. ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಮೇಡಂ ಹೆಸರು ಮಾನಸ. ಅವರು ಲೈಟು ಹಾಕಿಸಿದರು, ಹಾರನ್ ಹೊಡೆಸಿದರು, ಇಂಡಿಕೇಟರ್, ವೈಪರ್ ನೋಡಿದರು. ಟೈರಿನ ಮೇಲೆ ಬೆರಳಿಟ್ಟು ಸವೆದಿದೆಯಾ ಅಂತ ನೋಡಿದರು. ಹಿಂದೆ ಮುಂದೆ ರಾತ್ರಿ ಬೆಳಕಿಗೆ ಮಿನುಗುವ ಪಟ್ಟಿ ಇದೆಯಾ ಅಂತ ನೋಡಿದರು. ಎಲ್ಲದಕ್ಕೂ ನಂಜುಂಡ ಹೆಂಡತಿ ಕಡೆ ತಿರುಗಿ, ನೋಡ್ದಾ ಅನ್ನುವ ಹಾಗೆ ಹುಬ್ಬು ಹಾರಿಸುತ್ತಿದ್ದ.

ಆಮೇಲೆ ಮೇಡಂ ನೆಲಕ್ಕೆ ಒಂದು ಗೋಣಿಚೀಲ ಹಾಸಿಸಿ, ಟಾರ್ಚು ಹಿಡಿದು ಗಾಡಿಯ ಅಡಿಗೆ ಬಗ್ಗಿದರು. ಸಹಾಯಕನಿಗೆ "ಸ್ಟೀರಿಂಗ್ ಆ ಕಡೆ, ಈ ಕಡೆ ತಿರುಗಿಸು" ಅಂದರು. ಬಹಳ ಹೊತ್ತು ಅಲ್ಲೇ ಇದ್ದರು. ಎದ್ದು ಬಂದು ಕೈ ಕೊಡವಿದರು.

"ಗಾಡಿ ಯಾರದು? ಬನ್ನಿ. ನೀವೇ ಮಲಗಿ ನೋಡಿ."

ನಂಜುಂಡ ಗೋಣಿಚೀಲದ ಮೇಲೆ ಮಲಗಿ ಒಳಗೆ ಸರಿದ. ಕೆಂಚಮ್ಮನಿಗೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಮೇಡಂ ಒಳಕ್ಕೆ ಟಾರ್ಚಿನ ಬೆಳಕು ಬಿಟ್ಟರು.

"ಆ ಬ್ರೇಕ್ ಪೈಪು ನೋಡಿ. ತುಕ್ಕು ಹಿಡಿದು ಒದ್ದೆಯಾಗಿದೆ. ಆಯಿಲ್ ಹಾಕಿದ್ರೂ ಸೋರಿ ಹೋಗುತ್ತೆ. ಈಗ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗೋ ಸರಳಿನ ತುದಿ ನೋಡಿ. ಅವರು ಸ್ಟೀರಿಂಗ್ ತಿರುಗಿಸ್ತಾರೆ."

ಸಹಾಯಕ ತಿರುಗಿಸಿದ. ಸರಳಿನ ತುದಿ ಕಟಕಟ ಅಲ್ಲಾಡಿತು. ಚಕ್ರ ಅಲ್ಲಾಡಲಿಲ್ಲ. ಇನ್ನಷ್ಟು ತಿರುಗಿಸಿದ ಮೇಲೆ ಚಕ್ರ ಹೊರಳಿತು. ನಂಜುಂಡ ಕೈ ಚಾಚಿ ಮುಟ್ಟಿ ನೋಡಿದ. ಅವನ ಕಾಲುಗಳು ಅಲ್ಲಾಡುವುದು ನಿಂತಿತು.

"ಇದು... ಇದು ಕಳಚ್ಕಂಡಿದ್ರೆ ಮೇಡಂ?" ಒಳಗಿನಿಂದಲೇ ಕೇಳಿದ.

"ಕೈಯಲ್ಲಿ ಸ್ಟೀರಿಂಗ್ ತಿರುಗ್ತಾ ಇರುತ್ತೆ. ಗಾಡಿ ತನಗೆ ಬೇಕಾದ ಕಡೆ ಹೋಗುತ್ತೆ. ನೀವೆಷ್ಟೇ ಒಳ್ಳೆ ಡ್ರೈವರ್ ಆದ್ರೂ ಆಗ ಮಾಡೋಕೆ ಏನೂ ಇರಲ್ಲ."

ನಂಜುಂಡ ಈಚೆ ಬಂದ. ಬೆನ್ನಿಗೆ ಮಣ್ಣು ಮೆತ್ತಿತ್ತು, ಕೊಡವಿಕೊಳ್ಳಲಿಲ್ಲ. ಮೇಡಂ ಅವನ ಮುಖ ನೋಡಿ ಸ್ವಲ್ಪ ಮೆತ್ತಗೆ ಹೇಳಿದರು: "ಇದು ಸೀಟಲ್ಲಿ ಕೂತವರಿಗೆ ಕಾಣಲ್ಲ. ಅದಕ್ಕೇ ವರ್ಷಕ್ಕೊಮ್ಮೆ ನಾವು ಬಗ್ಗಿ ನೋಡೋದು. ಇವತ್ತು ಪಾಸ್ ಮಾಡಲ್ಲ. ಇಲ್ಲಿಂದ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ. ರಿಪೇರಿ ಆದ ಮೇಲೆ ಮತ್ತೆ ತನ್ನಿ, ಮತ್ತೆ ನೋಡೋಣ."

ಜೀಪನ್ನು ಗ್ಯಾರೇಜಿಗೆ ಎಳೆಸಿದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದೀಪಶ್ರೀ ಮೂವರಿಗೂ ಟೀ ಹೇಳಿದಳು. ನಂಜುಂಡನ ಟೀ ಕೆನೆ ಕಟ್ಟಿತು. ಬಸ್ಸು ವನಗೂರಿನ ಏರು ಹತ್ತುವಾಗ ಅವನು ಕಿಟಕಿಯಿಂದ ಕೊರಕಲನ್ನೇ ನೋಡುತ್ತಿದ್ದ.

"ಕೆಂಚಿ" ಅಂದ. "ಅಷ್ಟೂ ಜನ ಹೆಂಗಸರು ಕಣೇ. ಎಲ್ಲರ ಮನೇಲೂ ಮಕ್ಕಳವ್ರೆ."

ಕೆಂಚಮ್ಮ ಅವನ ಅಂಗಿಯ ಬೆನ್ನಿನ ಮಣ್ಣನ್ನು ಕೈಯಿಂದ ತಟ್ಟಿ ಉದುರಿಸಿದಳು.

ಜೀಪು ಗ್ಯಾರೇಜಿನಲ್ಲಿದ್ದಷ್ಟು ದಿನ ಹೆಂಗಸರು ಪಕ್ಕದೂರಿನ ರವಿಯ ಜೀಪಿನಲ್ಲಿ ಹೋದರು; ತನ್ನೂರಿನವರನ್ನು ಬಿಟ್ಟು ಬಂದು ಇವರಿಗಾಗಿ ಇನ್ನೊಂದು ಸಲ ಗುಡ್ಡ ಹತ್ತಲು ಅವನು ಒಪ್ಪಿದ್ದ. ಆದರೆ ಅದಕ್ಕೂ ಸುಮ್ಮನೆ ಹತ್ತಲಿಲ್ಲ. ಎಂ-ಪರಿವಾಹನ್ ಅನ್ನುವ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಎಫ್‌ಸಿ ಯಾವತ್ತಿನವರೆಗೆ ಇದೆ ಅಂತ ತೋರಿಸುತ್ತದೆ. ದೀಪಶ್ರೀ ಅದನ್ನು ಹೇಳಿಕೊಟ್ಟಿದ್ದಳು. ಕೆಂಚಮ್ಮ ಜೀಪಿನ ಮುಂದೆ ನಿಂತು ನಂಬರ್ ಒತ್ತಿದಳು. ರವಿ ನಕ್ಕ, "ಇದೇನಕ್ಕ, ನೀವೂ ಆರ್‌ಟಿಓ ಆಗ್ಬುಟ್ರಾ?" ಅಂದ. ಎಫ್‌ಸಿ ಇತ್ತು. ಹೆಂಗಸರು ಹತ್ತಿದರು.

ನಂಜುಂಡ ಹೊಸ ಪೈಪು ಹಾಕಿಸಿದ, ಸರಳಿನ ತುದಿಯನ್ನೂ ಹೊಸದು ಹಾಕಿಸಿದ. ತಾನೂ ಮೆಕ್ಯಾನಿಕ್‌ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಪ್ರತಿಯೊಂದನ್ನೂ ಅಲ್ಲಾಡಿಸಿ ನೋಡಿದ. ಎರಡನೇ ಸಲ ಮೇಡಂ ಗಾಡಿಯ ಅಡಿಗೆ ಬಗ್ಗಿ ಎದ್ದಾಗ ತಲೆಯಾಡಿಸಿದರು. ಜೀಪು ಪಾಸಾಯಿತು.

ಊರಿಗೆ ಬಂದ ಸಂಜೆಯೇ ಅವನು ಜೀಪ್ ಸ್ಟ್ಯಾಂಡಿಗೆ ಹೋದ. ಬೇರೆ ಡ್ರೈವರ್‌ಗಳು ಛೇಡಿಸಿದರು. "ಏನೋ ನಂಜುಂಡ, ಹೆಂಡ್ತಿ ಗಾಡಿ ತಡೆದ್ಳಂತೆ?"

"ಹೂಂ ಕಣೋ, ತಡೆದ್ಳು" ಅಂದ ಅವನು. "ತಡೀದಿದ್ರೆ ಇವತ್ತು ಇಲ್ಲಿ ನಿಂತ್ಕಂಡು ನಿಮ್ಮತ್ರ ಮಾತಾಡ್ತಿರ್ಲಿಲ್ಲ. ನಿಮ್ಮ ಗಾಡಿ ಅಡಿಗೆ ಯಾವತ್ತಾದ್ರೂ ಮಲಗಿ ನೋಡಿದೀರಾ? ನಾನು ನೋಡ್ದೆ. ಇನ್ನೂ ನಿದ್ದೆ ಬರ್ತಿಲ್ಲ." ನಗುತ್ತಿದ್ದವರಲ್ಲಿ ಒಬ್ಬ ಮೆಲ್ಲಗೆ ಜೇಬಿನಿಂದ ಫೋನು ತೆಗೆದು ತನ್ನ ಗಾಡಿಯ ನಂಬರ್ ಒತ್ತಿದ. ಉಳಿದವರು ಅವನ ಭುಜದ ಮೇಲಿಂದ ಬಗ್ಗಿ ನೋಡಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯ ಎಫ್‌ಸಿ ಯಾವತ್ತು ಮುಗಿಯುತ್ತದೆ ಅಂತ ಈಗಲೇ ನೋಡಿ. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿದ್ದರೆ ಪ್ರತಿ ವರ್ಷ ತಪಾಸಣೆ ಮಾಡಿಸಲೇಬೇಕು. ಸ್ವಂತ ಗಾಡಿಗೆ ಹದಿನೈದು ವರ್ಷ ಆಗುತ್ತಾ ಬಂತಾ, ಆರ್‌ಸಿ ತೆಗೆದು ನೋಡಿ. ಮಳೆ ಹೋಗಲಿ, ಕುಯ್ಲು ಮುಗಿಯಲಿ ಅಂತ ಕಾಯಬೇಡಿ. ಸಂಶಯ ಇದ್ದರೆ ಹತ್ತಿರದ ಆರ್‌ಟಿಓ ಆಫೀಸಿನಲ್ಲಿ ನೀವೇ ಹೋಗಿ ಕೇಳಿ. ಗಾಡಿ ಇಲ್ಲದವರಿಗೂ ಒಂದು ಮಾತು. ನಾಳೆ ಬೆಳಿಗ್ಗೆ ಕೆಲಸಕ್ಕೋ ಮದುವೆಗೋ ಜೀಪು ಹತ್ತುವ ಮುಂಚೆ, ಮಗುವನ್ನು ಸ್ಕೂಲ್ ವ್ಯಾನಿಗೆ ಕೂರಿಸುವ ಮುಂಚೆ, "ಎಫ್‌ಸಿ ಆಗೈತೇನಪ್ಪ?" ಅಂತ ಬಾಯಿಬಿಟ್ಟು ಕೇಳಿ. ಡ್ರೈವರ್ ಸಿಟ್ಟಾದರೆ ಆಗಲಿ. ಕೇಳುವುದು ನಿಮ್ಮ ಹಕ್ಕು, ಹತ್ತುವುದು ನಿಮ್ಮ ಜೀವ.